ಅಣ್ಣ ನನಗೆ ಹೇಳದ ಗಂಟು

ನಮ್ಮಣ್ಣನ ತೊಡೆಸಂದಿಯಲ್ಲಿ ಒಂದು ಗಂಟು ಇದೆ ಎನ್ನುವುದು ಮಾನ್ವಿಯಲ್ಲಿ ಅವನು ಚೀಲ ಹೊರುವ ಅಕ್ಕಿ ಗಿರಣಿಯ ಹಮಾಲರಿಗೆಲ್ಲ ಗೊತ್ತಿತ್ತು. ಗಿರಣಿಯ ಎದುರಿನ ಚಹಾದಂಗಡಿಯವನಿಗೆ ಗೊತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ದರ್ಜಿಗಂತೂ ಅಳತೆ ಸಮೇತ ಗೊತ್ತಿತ್ತು. ಗಂಟು ಹೊರಗೆ ಬರದಂತೆ ಒತ್ತಿ ಹಿಡಿಯಲು ಗೋಣಿತಟ್ಟಿನ ಪಟ್ಟಿ ಹೊಲಿದು, ಅದರೊಳಗೆ ಹಳೆಯ ಟವೆಲ್ಲಿನ ಉಂಡೆ ಇಟ್ಟು ಕೊಟ್ಟವನು ಅವನೇ. ಗೊತ್ತಿಲ್ಲದೆ ಇದ್ದದ್ದು ನನಗೊಬ್ಬಳಿಗೆ. ನಾನು ದೇವದುರ್ಗದಲ್ಲಿ ನರ್ಸ್. ಇಪ್ಪತ್ತು ವರ್ಷದಿಂದ ಇಂಥ ಗಂಟುಗಳನ್ನು ನೋಡುವುದು, ಆಪರೇಷನ್ನಿಗೆ ತಯಾರಿ ಮಾಡುವುದು, ಆಮೇಲೆ ಡ್ರೆಸ್ಸಿಂಗ್ ಬದಲಿಸುವುದು, ಇದೇ ನನ್ನ ಹೊಟ್ಟೆಪಾಡು.

ಇದಕ್ಕೆ ಅಣ್ಣನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ಅಣ್ಣ ತಂಗಿಯರ ನಡುವೆ ಹೊಕ್ಕಳಿನ ಕೆಳಗೆ ಏನೂ ಇಲ್ಲ. ದೇಹ ಮತ್ತೆ ಶುರುವಾಗುವುದು ಮೊಣಕಾಲಿನಿಂದ. ನನಗೆ ಹೆರಿಗೆಯಾದಾಗ ಅವನು ಆಸ್ಪತ್ರೆಗೆ ಬಂದಿದ್ದ. ವಾರ್ಡಿನೊಳಗೆ ಕಾಲಿಡಲಿಲ್ಲ. ಕಿಟಕಿಯ ಹೊರಗೆ ನಿಂತು, ಮುಖವನ್ನು ಬೇವಿನ ಗಿಡದ ಕಡೆ ಮಾಡಿ, "ಆರಾಮ ಅದೀ ಏನವಾ?" ಎಂದು ಆ ಗಿಡವನ್ನು ಕೇಳಿದ. ನಾನು ಒಳಗಿನಿಂದ ಆರಾಮ ಅಂದೆ. ಹಣ್ಣಿನ ಚೀಲವನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಹೋದ. ಹುಟ್ಟಿದ್ದು ಗಂಡೋ ಹೆಣ್ಣೋ ಎಂದು ಕೂಡ ಕೇಳಲಿಲ್ಲ. ಅದನ್ನು ಆಮೇಲೆ ಅತ್ತಿಗೆಯಿಂದ ತಿಳಿದುಕೊಂಡನಂತೆ.

ಗಂಟಿನ ಸುದ್ದಿಯೂ ನನಗೆ ಬಂದದ್ದು ಆ ಅತ್ತಿಗೆಯ ಮೂಲಕವೇ, ಮೂರು ವರ್ಷದ ಹಿಂದೆ, ಫೋನಿನಲ್ಲಿ.

"ಯವ್ವಾ, ಅವರಿಗೆ ಅಲ್ಲೆ ಒಂದೀಟು ಉಬ್ಬೇದ."

"ಎಲ್ಲೆ?"

"ಅಲ್ಲೇ."

"ಅಲ್ಲೆ ಅಂದ್ರ ಎಲ್ಲೆ ಬೇ ಅತ್ತಿಗಿ? ಕುತ್ತಿಗಿಗೋ, ಕಂಕುಳಕೋ, ಬೆನ್ನಿಗೋ?"

"ನೀ ನರ್ಸ್ ಇದ್ದೀಯವ್ವಾ. ಅಷ್ಟೂ ತಿಳಿಯಂಗಿಲ್ಲೇನು ನಿನಗ?"

ತಿಳಿಯಿತು. ಒಂದು ತಾಸು ಕೂತು ಅತ್ತಿಗೆಗೆ ಬಿಡಿಸಿ ಹೇಳಿದೆ. ಭಾರ ಎತ್ತಿ ಎತ್ತಿ ಹೊಟ್ಟೆಯ ಗೋಡೆ ಒಂದು ಕಡೆ ಸಡಿಲಾಗಿದೆ, ಆ ಸಂದಿನಿಂದ ಕರುಳು ಹೊರಗೆ ಇಣುಕುತ್ತಿದೆ, ಇದಕ್ಕೆ ಹರ್ನಿಯಾ ಅನ್ನುತ್ತಾರೆ. ಕೆಮ್ಮಿದಾಗ ಉಬ್ಬಿ ಮಲಗಿದಾಗ ಒಳಗೆ ಹೋಗುತ್ತದೆ ಅನ್ನುವವರೆಗೆ ಗಾಬರಿಯಿಲ್ಲ, ಪುರುಸೊತ್ತು ಮಾಡಿಕೊಂಡು ಆಪರೇಷನ್ ಮಾಡಿಸಿದರೆ ಮುಗಿಯಿತು. ಆದರೆ ಯಾವತ್ತಾದರೂ ಗಂಟು ಗಟ್ಟಿಯಾಗಿ ಒಳಗೆ ಹೋಗದೆ ನಿಂತರೆ, ನೋವು, ವಾಂತಿ ಶುರುವಾದರೆ, ಕರುಳು ಆ ಸಂದಿನಲ್ಲಿ ಸಿಕ್ಕಿಕೊಂಡು ಅದಕ್ಕೆ ಹೋಗುವ ರಕ್ತ ನಿಂತಿದೆ ಎಂದು ತಿಳಿಯಬೇಕು. ಆವಾಗ ಒಂದು ಗಳಿಗೆಯೂ ಕಾಯಬಾರದು. ಇದನ್ನೆಲ್ಲ ಅಣ್ಣನಿಗೆ ಹೇಳು ಅಂದೆ. ಅತ್ತಿಗೆ ಹೇಳಿದಳು. ಏನು ಹೇಳಿದೆ ಎಂದು ಮರುದಿನ ಕೇಳಿದರೆ, "ತಂಗಿ ಆಪರೇಷನ್ ಮಾಡಿಸ್ಕೋ ಅಂದಾಳ ಅಂದೆ" ಎಂದಳು. ಉಳಿದದ್ದು? "ಉಳಿದಿದ್ದು ನನಗೂ ಹೇಳಾಕ ನಾಚಿಕಿ ಬಂತು" ಎಂದಳು. ಮೂರು ಮಕ್ಕಳ ತಾಯಿ!

ಆಪರೇಷನ್ನಿಗೆ ರಾಯಚೂರಿನಲ್ಲಿ ನಾನೇ ಓಡಾಡಿ ದಿನ ಗೊತ್ತು ಮಾಡಿದೆ. ಮೊದಲ ಸಲ ಸುಗ್ಗಿ ಬಂತು, ಗುಂಪಿನಲ್ಲಿ ಒಬ್ಬ ಕಡಿಮೆಯಾದರೆ ಉಳಿದವರ ಬೆನ್ನಿಗೆ ಬೀಳುತ್ತದೆ ಎಂದು ಬರಲಿಲ್ಲ. ಎರಡನೆಯ ಸಲ ಏಪ್ರಿಲ್‌ನಲ್ಲಿ ಜಯಂತಿ ಬಂತು, ನಮ್ಮ ಓಣಿಯ ಮೆರವಣಿಗೆಯಲ್ಲಿ ಮುಂದೆ ನೀಲಿ ಬಾವುಟ ಹಿಡಿಯುವವನು ಅವನೇ. ಮೂರನೆಯ ಸಲ ಬಂದ. ಚೀಟಿ ಮಾಡಿಸಿದ, ಸರದಿಯಲ್ಲಿ ನಿಂತ, ಬಾಗಿಲಿನವರೆಗೂ ಹೋದ. ಒಳಗೆ ಕೂತಿದ್ದ ಸರ್ಜನ್ ಹೆಣ್ಣುಮಗಳು. ಹಾಗೇ ಹಿಂದಕ್ಕೆ ತಿರುಗಿ, ಬಸ್ಸು ಹತ್ತಿ ಮಾನ್ವಿಗೆ ಹೋಗಿಬಿಟ್ಟ. ನಾನು ಕ್ಯಾಂಟೀನಿನಲ್ಲಿ ಅವನಿಗೆ ಇಡ್ಲಿ ಕಟ್ಟಿಸಿಕೊಂಡು ಬಂದು ನೋಡಿದರೆ ಆಸಾಮಿಯೇ ಇಲ್ಲ.

"ಅಕಿ ನನ್ನ ಮಗಳ ವಾರಿಗಿ ಅದಾಳ" ಎಂದು ಅತ್ತಿಗೆಯ ಕೈಯಲ್ಲಿ ಹೇಳಿ ಕಳಿಸಿದ.

ಆ ಇಡ್ಲಿಯನ್ನು ಸಿಟ್ಟಿನಿಂದ ನಾನೇ ತಿಂದೆ.

ಅವನ ಧೈರ್ಯಕ್ಕೆ ಕಾರಣ ಅವರ ಗುಂಪಿನ ಮೇಸ್ತ್ರಿ. ಎಪ್ಪತ್ತರ ಹತ್ತಿರದ ಹಿರಿಯ, ಎಲ್ಲರೂ ಕಾಕಾ ಅನ್ನುತ್ತಾರೆ. ಚೀಲ ಹೊರುವವರಲ್ಲಿ ಈ ಗಂಟು ಹೊಸತಲ್ಲ; ಅದನ್ನು 'ಕೂಡಿಸುವುದು' ಕಾಕಾನ ಕೆಲಸ. ಭತ್ತದ ಚೀಲಗಳನ್ನು ಇಳಿಜಾರಾಗಿ ಒಟ್ಟಿ, ಅದರ ಮೇಲೆ ತಲೆ ಕೆಳಗೆ ಕಾಲು ಮೇಲೆ ಬರುವಂತೆ ಮಲಗಿಸಿ, ಅಂಗೈಯಿಂದ ಮೆಲ್ಲಗೆ ಒತ್ತುತ್ತಾನೆ. ಉಳಿದವರು ಬೆನ್ನು ತಿರುಗಿಸಿ ಕೂತು ಒಂದೊಂದು ಬೀಡಿ ಸೇದುತ್ತಾರೆ. ಬೀಡಿ ಮುಗಿಯುವುದರೊಳಗೆ ಕರುಳು ಒಳಗೆ, ಮನುಷ್ಯ ಮತ್ತೆ ಚೀಲದ ಕೆಳಗೆ. ವರ್ಷಗಟ್ಟಲೆ ಹೀಗೇ ನಡೆದಿದೆ. ನಿಜ ಹೇಳಬೇಕೆಂದರೆ ಕಾಕಾನ ಕೈ ಕೆಟ್ಟದ್ದಲ್ಲ. ಗಂಟು ಮೆತ್ತಗಿರುವವರೆಗೆ ಡಾಕ್ಟರೂ ಹಾಗೇ ಮಲಗಿಸಿ ಹಾಗೇ ಒತ್ತುತ್ತಾರೆ. ಆದರೆ ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಕಾಕಾನಿಗೆ ಗೊತ್ತಿಲ್ಲ. ಗೊತ್ತಿದ್ದ ನನ್ನನ್ನು ಯಾರೂ ಕೇಳಲಿಲ್ಲ.

ಹೋದ ಡಿಸೆಂಬರಿನ ಒಂದು ಮುಂಜಾನೆ. ಭತ್ತ ಬಂದು ಬೀಳುತ್ತಿದ್ದ ದಿನಗಳು. ಒಂಬತ್ತೂವರೆಗೆ ನಾನು ವಾರ್ಡಿನಲ್ಲಿ ಇಂಜೆಕ್ಷನ್ ಟ್ರೇ ಹಿಡಿದುಕೊಂಡಿದ್ದೆ, ಅತ್ತಿಗೆಯ ಫೋನು ಬಂತು.

"ಏನಿಲ್ಲ ಯವ್ವಾ, ಗಾಬ್ರಿ ಆಗಬ್ಯಾಡ. ಅವರಿಗೆ ಹೊಟ್ಟಿ ನೋಯಾಕತ್ತದ. ಎರಡು ಸಲ ವಾಂತಿ ಆತು. ಗಿರಣಿಯಿಂದ ಮನಿಗೆ ಕರ್ಕೊಂಡು ಬಂದಾರ."

"ಗಂಟು ಒಳಗ ಹೋಗೇದ ಇಲ್ಲೋ?"

ಅತ್ತಿಗೆ ದನಿ ಇಳಿಸಿದಳು. "ಅವರು ಇಲ್ಲೇ ಅದಾರ. ಗುಂಪಿನವರೂ ಅದಾರ. ಹೆಂಗ ಹೇಳ್ಲಿ?"

"ಹೌದು ಇಲ್ಲ ಅಂತ ಒಂದು ಮಾತು ಹೇಳಬೇ ಅತ್ತಿಗಿ, ನಿನ್ನ ಕಾಲಿಗೆ ಬೀಳ್ತೀನಿ!"

"ಇಲ್ಲ."

ಫೋನು ಅಣ್ಣನಿಗೆ ಕೊಡು ಅಂದೆ. ಉಸಿರು ಬಿಗಿಹಿಡಿದು ಮಾತಾಡಿದ. "ಏನಿಲ್ಲ ತಂಗಿ, ಗ್ಯಾಸ್ ಆಗೇದ. ಸೋಡಾ ಕುಡಿದೀನಿ. ನೀ ಡ್ಯೂಟಿ ಮಾಡು."

"ಅಣ್ಣಾ, ಗಂಟು ಮುಟ್ಟಿದ್ರ ಹೆಂಗದ? ಮೆತ್ತಗೋ ಗಟ್ಟಿಗೋ?"

ನಾನು ಎಂದೂ ಆಡದ ಮಾತು ಆಡಿದ್ದೆ. ಅವನು ಫೋನನ್ನು ಕೆಂಡದ ಹಾಗೆ ಕಾಕಾನ ಕೈಗೆ ಕೊಟ್ಟುಬಿಟ್ಟ.

ಕಾಕಾ ಸಮಾಧಾನದಲ್ಲೇ ಇದ್ದ. "ನಾ ಅದೀನಿ ಬೇ. ಮುಂಜಾನಿ ಒತ್ತಿ ನೋಡೀನಿ, ಹೋಗವಲ್ದು. ತೌಡು ಕಾಸಿ ಶಾಖ ಕೊಡಾಕತ್ತೀವಿ. ಸ್ವಲ್ಪ ಮೆತ್ತಗಾಗ್ಲಿ, ಮತ್ತ ಜೋರ ಒತ್ತತೀನಿ."

ಟ್ರೇ ನನ್ನ ಕೈಯಿಂದ ಬಿತ್ತು. ರಕ್ತ ನಿಂತ ಕರುಳನ್ನು ಜೋರಾಗಿ ಒತ್ತಿ ಹೊಟ್ಟೆಯೊಳಗೆ ತಳ್ಳಿದರೆ ಅದು ಅಲ್ಲಿಯೇ ಒಡೆದು ಹೊಲಸೆಲ್ಲ ಒಳಗೆ ಹರಡುತ್ತದೆ. ಮೇಲೆ ನೋಡಿದರೆ ಗಂಟು ಮಾಯ, ಎಲ್ಲರಿಗೂ ಸಂತೋಷ. ಅಂಥದ್ದನ್ನು ನಾನು ನೋಡಿದ್ದೇನೆ.

"ಕಾಕಾ, ಒತ್ತಬ್ಯಾಡ್ರಿ! ಶಾಖ ಬ್ಯಾಡ, ನೀರು ಬ್ಯಾಡ, ಸೋಡಾ ಬ್ಯಾಡ, ಏನೂ ಬ್ಯಾಡ! ಈಗಿಂದೀಗ ರಾಯಚೂರಿಗೆ ಕರ್ಕೊಂಡು ಹೋಗ್ರಿ."

"ಮೂವತ್ತು ವರ್ಷಾತು ಒತ್ತಾಕತ್ತೀನಿ ಬೇ ನಾ—"

"ಕಾಲುವಿ ತೂಬು ಮುಚ್ಚಿದ್ರ ಕೊನಿ ಹೊಲದ ಭತ್ತ ಎಷ್ಟು ದಿನ ತಡೀತದ ಕಾಕಾ?"

"ಎಂಟು ದಿನ. ಹತ್ತು ದಿನ."

"ಅಣ್ಣನ ಕರುಳಿನ ತೂಬು ಮುಚ್ಚೇದ. ಅದು ದಿನ ತಡಿಯಂಗಿಲ್ಲ, ತಾಸಿನ ಲೆಕ್ಕ. ಒತ್ತಿದ್ರ ತೂಬು ತೆರಿಯಂಗಿಲ್ಲ, ಒಡ್ಡು ಒಡಿತದ."

ಕಾಕಾ ಯಾರಿಗೋ ಗಾಡಿ ತಾ ಎಂದು ಕೂಗಿದ್ದು ಕೇಳಿಸಿತು. ಮೂರು ವರ್ಷ ಅತ್ತಿಗೆಯ ಸೆರಗಿನ ಹಿಂದೆ ನಿಂತು ಹೇಳಿ ಸೋತ ಮಾತು, ಹತ್ತಿರದ ನೆಂಟನೂ ಅಲ್ಲದ ಮುದುಕನಿಗೆ ನೇರವಾಗಿ ಹೇಳಿದಾಗ ನಿಮಿಷದಲ್ಲಿ ತಿಳಿಯಿತು. ನನ್ನ ಮೇಲೆ ನನಗೇ ಸಿಟ್ಟು ಬಂತು. ಮೂರು ವರ್ಷ ನಾನಾದರೂ ಅಣ್ಣನಿಗೆ ಯಾಕೆ ನೇರ ಹೇಳಲಿಲ್ಲ? ನಾಚಿಕೆ ಅವನಿಗೊಬ್ಬನಿಗೇ ಇತ್ತೇ?

ಡ್ಯೂಟಿಯನ್ನು ಇನ್ನೊಬ್ಬ ಸಿಸ್ಟರಿಗೆ ಒಪ್ಪಿಸಿ ರಾಯಚೂರು ಬಸ್ಸು ಹತ್ತಿದೆ. ಅವರು ಮಾನ್ವಿಯಿಂದ ಗಿರಣಿಯ ಸಣ್ಣ ಟೆಂಪೊದಲ್ಲಿ, ಖಾಲಿ ಚೀಲಗಳ ಮೇಲೆ ಅಣ್ಣನನ್ನು ಮಲಗಿಸಿಕೊಂಡು ಹೊರಟಿದ್ದರು. ಆಂಬುಲೆನ್ಸ್ ಕರೆಯೋಣ ಅಂದದ್ದಕ್ಕೆ ಅಣ್ಣ ಒಪ್ಪಲಿಲ್ಲವಂತೆ. ಓಣಿಯವರೆಲ್ಲ ಬಂದು ಏನಾಗಿದೆ ಎಂದು ಕೇಳಿದರೆ ಏನು ಹೇಳುವುದು ಅನ್ನುವುದು ಅವನ ಚಿಂತೆ. ಸಾಯುವ ಹೊತ್ತಿನಲ್ಲೂ ಈ ಮನುಷ್ಯನಿಗೆ ಅದೇ.

ನನ್ನ ಬಸ್ಸು ಗಬ್ಬೂರು ದಾಟುವಾಗ ಕಾಕಾನ ಫೋನು.

"ಚೊಲೊ ಸುದ್ದಿ ಅದ ಬೇ. ಕಲ್ಲೂರಿಗೆ ಬಂದೀವಿ. ನೋವು ಪೂರಾ ಕಮ್ಮಿ ಆಗೇದಂತ. ವಾಪಸ್ ಹೋಗೂಣು ಅನ್ನಾಕತ್ತಾನ. ಚಾ ಕುಡಿಯಾಕ ನಿಲ್ಲಿಸೀವಿ."

ಬಸ್ಸು ತುಂಬಿತ್ತು. ನನ್ನ ಪಕ್ಕದಲ್ಲಿ ಬುರ್ಖಾ ಹಾಕಿದ ಹಿರಿಯ ಹೆಂಗಸು, ಎದುರಿಗೆ ಸಂತೆಗೆ ಹೊರಟವರು, ನಿಂತವರು, ಕಾಲೇಜು ಹುಡುಗಿಯರು. ನಾನು ನರ್ಸ್ ಆಗಿ ಇಪ್ಪತ್ತು ವರ್ಷವಾದರೂ ವಾರ್ಡಿನ ಹೊರಗೆ ಅಂಥ ಮಾತು ಆಡಿದವಳಲ್ಲ. ಆ ಹೊತ್ತು ಎದ್ದು ನಿಂತು, ಕಂಬಿ ಹಿಡಿದು ಕೂಗಿದೆ.

"ಗಂಟು ಇನ್ನಾ ಅದನೋ ಇಲ್ಲೋ? ತೊಡಿಸಂದ್ಯಾಗ ಕೈ ಇಟ್ಟು ನೋಡ್ರಿ ಕಾಕಾ! ಧೋತರ ಸರಿಸಿ ನೋಡ್ರಿ!"

"ಅದ ಬೇ. ಕಲ್ಲಾಗೇದ. ಮ್ಯಾಲ ಕೆಂಪಗಾಗೇದ."

"ಗಂಟು ಇದ್ದು ನೋವು ಹೋತು ಅಂದ್ರ ಆರಾಮ ಆಗಿಲ್ಲ, ಕರುಳು ಸಾಯಾಕತ್ತದ! ಚಾ ಚೆಲ್ರಿ! ಗಾಡಿ ಎಲ್ಲೂ ನಿಲ್ಲಿಸಬ್ಯಾಡ್ರಿ! ಅವ ಏನಾರ ಅನ್ಲಿ, ಇಳಿಯಾಕ ಬಿಡಬ್ಯಾಡ್ರಿ!"

ಫೋನು ಇಟ್ಟು ಕೂತಾಗ ಬಸ್ಸಿನವರೆಲ್ಲ ನನ್ನ ಕಡೆಗೇ ತಿರುಗಿದ್ದರು. ಮುಖ ಎಲ್ಲಿ ಇಟ್ಟುಕೊಳ್ಳಲಿ ಅನಿಸಿತು. ಪಕ್ಕದ ಹಿರಿಯ ಹೆಂಗಸು ನನ್ನ ಮೊಣಕೈ ಮುಟ್ಟಿ, "ಮೇರೆ ಘರ್‌ವಾಲೇ ಕು ಬೀ ಹೈ ಮಾ" ಎಂದಳು, ಪಿಸುಮಾತಿನಲ್ಲಿ. ಅವಳ ಗಂಡನಿಗೂ ಇದೆಯಂತೆ. ಹಿಂದಿನ ಸೀಟಿನ ಗಂಡಸು ಬಗ್ಗಿ, "ಸಿಸ್ಟರ್, ನಮ್ಮ ಮಾವಗೂ ಅದ್ರಿ, ಹತ್ತು ವರ್ಷಾತು" ಎಂದ. ಇಳಿಯುವಾಗ ಕಂಡಕ್ಟರ್ ಕೂಡ ಪಕ್ಕಕ್ಕೆ ಕರೆದು ತನ್ನದೇ ಒಂದು ಕತೆ ಹೇಳಿದ. ಒಂದು ಬಸ್ಸಿನಲ್ಲಿ ಮೂರು ಮನೆಯ ಗಂಟು! ಊರೂರಲ್ಲಿ ಗಂಡಸರು ಲಂಗೋಟಿ ಬಿಗಿದುಕೊಂಡು ಇದನ್ನು ಬಚ್ಚಿಟ್ಟುಕೊಂಡು ಓಡಾಡುತ್ತಿದ್ದಾರೆ, ಹೆಂಗಸರು ಅದಕ್ಕೆ 'ಅಲ್ಲೆ' ಎಂದು ಹೆಸರಿಟ್ಟು ಕಾವಲು ಕೂತಿದ್ದಾರೆ. ಬೈಯಲು ಹೋದರೆ ಯಾರನ್ನು ಬೈಯುವುದು? ಮೂವರಿಗೂ ತಡಮಾಡದೆ ತೋರಿಸಿ ಎಂದು ಹೇಳಿ ಆಸ್ಪತ್ರೆಗೆ ಓಡಿದೆ.

ಟೆಂಪೊ ನನಗಿಂತ ಮುಂಚೆ ಬಂದಿತ್ತು. ಅಣ್ಣ ಸ್ಟ್ರೆಚರಿನ ಮೇಲೆ ಬೂದಿಬಣ್ಣಕ್ಕೆ ತಿರುಗಿ ಮಲಗಿದ್ದ. ಹೊಟ್ಟೆ ಉಬ್ಬಿತ್ತು. ಅವನನ್ನು ನೋಡುತ್ತಿದ್ದ ಸರ್ಜನ್ ಬೇರೆ ಯಾರೂ ಅಲ್ಲ, ಅವನು ಬಾಗಿಲಿನಿಂದ ಬಿಟ್ಟು ಓಡಿಹೋಗಿದ್ದ ಆ ಹೆಣ್ಣುಮಗಳೇ. ಅಣ್ಣ ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡ. ಆಕೆಗೆ ಇವನ ಮುಖದ ಜರೂರು ಇರಲಿಲ್ಲ.

"ಯಾವಾಗಿನಿಂದ ಹೀಗಿದೆ?" ಎಂದು ಕೇಳಿದಳು.

"ಈಗೀಗ" ಎಂದಳು ಅತ್ತಿಗೆ. "ಮುಂಜಾನಿ ಎಂಟರಿಂದ" ಎಂದ ಕಾಕಾ. ಟವೆಲ್ಲಿನ ಕೆಳಗಿನಿಂದ ಒಂದು ಸಣ್ಣ ದನಿ ಬಂತು: "ನಿನ್ನಿ ಸಂಜಿಯಿಂದ."

ನಿನ್ನೆ ಸಂಜೆಯಿಂದ! ಒಂದು ಇಡೀ ರಾತ್ರಿ ಹಲ್ಲು ಕಚ್ಚಿ ಮಲಗಿ, ಮುಂಜಾನೆ ಎದ್ದು ಹೋಗಿ ಚೀಲ ಎತ್ತಿದ್ದಾನೆ. ಅಲ್ಲಿಯೇ ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು. ಹೊಡೆಯಲಿಲ್ಲ. ಅವನ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸುವಾಗ ತಲೆ ಹಿಡಿದುಕೊಂಡೆ. ತಲೆಯಲ್ಲಿ ಭತ್ತದ ಧೂಳು ಇತ್ತು. ಹತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟು ಆ ಧೂಳಿಗೆ ಇಳಿದವನು, ನಾನು ನರ್ಸಿಂಗ್ ಓದಿ ಮುಗಿಸುವ ತನಕ ಒಂದು ದಿನವೂ ಗಿರಣಿ ತಪ್ಪಿಸಲಿಲ್ಲ. ಆ ಮಾತನ್ನು ಅವನು ಇಂದಿನವರೆಗೆ ಎತ್ತಿ ಆಡಿಲ್ಲ. ಅದನ್ನೂ ಬಚ್ಚಿಟ್ಟುಕೊಂಡೇ ಇದ್ದಾನೆ.

ಆಪರೇಷನ್ ಮುಗಿಸಿ ಡಾಕ್ಟರು ಹೊರಗೆ ಬಂದು, ನಾನು ನರ್ಸ್ ಎಂದು ಗೊತ್ತಿದ್ದರಿಂದ, ಟ್ರೇಯಲ್ಲಿ ಇಟ್ಟಿದ್ದನ್ನು ತೋರಿಸಿದರು. ಒಂದು ಗೇಣು ಕರುಳು, ನೇರಳೆ ಹಣ್ಣಿನ ಹಾಗೆ ಕಪ್ಪಗಾಗಿತ್ತು. ಒಡೆದಿರಲಿಲ್ಲ. ಸತ್ತ ಭಾಗ ತೆಗೆದು ಉಳಿದ ಎರಡು ತುದಿ ಸೇರಿಸಿ ಹೊಲಿದಿದ್ದರು. ಇಂಥದ್ದನ್ನು ಎಷ್ಟೋ ಸಲ ಎತ್ತಿ ಬಕೆಟ್ಟಿಗೆ ಹಾಕಿದವಳು ಅವತ್ತು ಟ್ರೇಯ ಮೇಲೆ ಬಟ್ಟೆ ಎಳೆದುಬಿಟ್ಟೆ.

"ಹೊಲಿಗೆ ನಿಲ್ಲಬೇಕು. ಕರುಳು ಮತ್ತೆ ಕೆಲಸ ಶುರು ಮಾಡಬೇಕು. ಗ್ಯಾಸ್ ಹೋದರೆ ಗೆದ್ದ ಹಾಗೆ" ಎಂದರು.

ಅಲ್ಲಿಂದ ಶುರುವಾಯಿತು ನನ್ನ ಪಾಡು. ನಾನು ರಜೆ ಹಾಕಿ ಅಲ್ಲೇ ಉಳಿದಿದ್ದೆ. ಮುಂಜಾನೆ ಸಂಜೆ ರೌಂಡ್ಸಿಗೆ ಬಂದ ಡಾಕ್ಟರು ಕೇಳುವುದು ಒಂದೇ ಪ್ರಶ್ನೆ: "ಗ್ಯಾಸ್ ಹೋಯಿತಾ?" ಅಣ್ಣ ಗೋಡೆಯ ಕಡೆ ತಿರುಗುತ್ತಿದ್ದ. ಮಗಳ ವಾರಿಗೆಯ ಡಾಕ್ಟರು, ಪಕ್ಕದಲ್ಲಿ ತಂಗಿ, ಕೇಳುವುದು ಇಂಥ ಮಾತು. ಆಕೆ ಹೋದಮೇಲೆ ನಾನು ಕೇಳಿದರೂ ಗೋಡೆ. ಅತ್ತಿಗೆಯನ್ನು ಕೇಳಿದರೆ, "ನನಗೂ ಹೇಳವಲ್ರು ಯವ್ವಾ." ಮೊದಲ ದಿನ ಹೋಯಿತು, ಎರಡನೆಯದೂ ಹೋಯಿತು. ಹೋಗಿದೆಯೋ, ಹೇಳಲು ನಾಚಿಕೆಯೋ? ಹೋಗೇ ಇಲ್ಲವೋ? ಎರಡರ ನಡುವೆ ಬದುಕು ಸಾವಿನ ಅಂತರ ಇತ್ತು, ಈ ಮಹಾಶಯ ಬಾಯಿ ಬಿಡುತ್ತಿರಲಿಲ್ಲ. ನಾನು ಸ್ಟೆತಾಸ್ಕೋಪ್ ಇಟ್ಟು ಹೊಟ್ಟೆ ಆಲಿಸುತ್ತಿದ್ದೆ. ಏನೂ ಕೇಳುತ್ತಿರಲಿಲ್ಲ. ಕಾಕಾ ದಿನಾ ಗಿರಣಿಯಿಂದ ಫೋನು ಮಾಡಿ, "ಹೋತೇನ ಬೇ?" ಎಂದು ಸ್ಪಷ್ಟವಾಗಿ ಕೇಳುತ್ತಿದ್ದ. ಹಿಂದೆ ಇಡೀ ಗುಂಪು ಕೆಲಸ ನಿಲ್ಲಿಸಿ ಕಾಯುತ್ತಿರುವುದು ಕೇಳಿಸುತ್ತಿತ್ತು. ಮೂರನೆಯ ಸಂಜೆ ಅಣ್ಣನಿಗೆ ಸ್ವಲ್ಪ ಜ್ವರ ಬಂತು. ಡಾಕ್ಟರು ಚೀಟಿಯಲ್ಲಿ ಬೇರೆ ಇಂಜೆಕ್ಷನ್ ಬರೆದು ಹೋದರು. ಒಳಗಿನ ಹೊಲಿಗೆ ಬಿಟ್ಟರೂ ಹೀಗೇ ಜ್ವರ ಬರುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಹೆದರಿದೆ. ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ನಾಲ್ಕನೆಯ ದಿನ ಮುಂಜಾನೆ ಅತ್ತಿಗೆ ಬಿಸಿನೀರು ತರಲು ಹೋಗಿದ್ದಳು. ನಾನು ಅವನ ಕಾಲಿನ ಕಡೆ ನಿಂತು ಚಾದರ ಮಡಚುತ್ತಿದ್ದೆ.

"ತಂಗಿ."

"ಹ್ಞೂಂ."

"ಹೋತು."

ನನಗೆ ತಿಳಿಯಿತು. ಆದರೂ ಮೂರು ವರ್ಷದ ಸಿಟ್ಟು ಬಿಡಲಿಲ್ಲ. "ಏನು ಹೋತು? ಬಾಯಿಬಿಟ್ಟು ಹೇಳು."

ಅವನು ಮಾಳಿಗೆಯ ಕಡೆ ನೋಡಿದ. ಗಂಟಲು ಸರಿಮಾಡಿಕೊಂಡ. "ಹೂಸು ಹೋತು ತಂಗಿ. ಎರಡು ಸಲ."

ನಾನು ಚಾದರದಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಕ್ಕದ ಹಾಸಿಗೆಯ ರೋಗಿಯ ಹೆಂಡತಿ ಏನೋ ಆಗಬಾರದ್ದು ಆಯಿತು ಎಂದುಕೊಂಡು ನನ್ನ ಬೆನ್ನು ಸವರಿದಳು.

ಕಣ್ಣು ಒರೆಸಿಕೊಂಡು ಕಾಕಾನಿಗೆ ಹೇಳಲು ಫೋನು ತೆಗೆದೆ. ಅಣ್ಣ ಮತ್ತೆ ಕರೆದ.

"ತಂಗಿ, ಇನ್ನೊಂದು ಮಾತದ."

"ಏನು?"

"ಎಡಕ್ಕೂ ಒಂದು ಅದ. ಸಣ್ಣದು. ಹ್ವಾದ ಸುಗ್ಗಿಯಿಂದ. ನಿಮ್ಮತ್ತಿಗಿಗೆ ಹೇಳಿಲ್ಲ, ಕಾಕಾಗೂ ಹೇಳಿಲ್ಲ."

ಫೋನನ್ನು ಅವನ ಮೇಲೆ ಎಸೆಯಬೇಕು ಅನಿಸಿತು. ಬಾಯಿಗೆ ಬಂದ ಬೈಗುಳ ಒಂದೆರಡಲ್ಲ. ಅಷ್ಟರಲ್ಲಿ ಅವನ ಮುಖ ನೋಡಿದೆ. ಗೋಡೆಯ ಕಡೆ ಇರಲಿಲ್ಲ, ಮಾಳಿಗೆಯ ಕಡೆಯೂ ಇರಲಿಲ್ಲ. ನನ್ನನ್ನೇ ನೋಡುತ್ತಿದ್ದ. ಎಲ್ಲರಿಗಿಂತ ಮೊದಲು ನನಗೆ ಹೇಳಿದ್ದ.

ಪರದೆ ಎಳೆದು, ಕೈಗೆ ಗ್ಲೌಸ್ ಹಾಕಿಕೊಂಡೆ. "ತೋರ್ಸು. ಹೊಲಿಗಿ ಮ್ಯಾಲ ಕೈ ಇಟ್ಕೊಂಡು ಮೆಲ್ಲಕ ಕೆಮ್ಮು" ಅಂದೆ.

ಅಣ್ಣ ಕೆಮ್ಮಿದ.